ಅರ್ಧ ಮುಚ್ಚಳ ಹಾರ್ಡನರ್

ಡ್ರಿಲ್ಲಿನ ಮೊನೆಯನ್ನು ಹೊರಗೆ ಎಳೆದದ್ದೇ ತಡ, ತೂತಿನಿಂದ ಕಂದು ನೀರು ಸೋರತೊಡಗಿತು. ಕೊಳೆತ ಮೊಟ್ಟೆಯ ವಾಸನೆ. ದೋಣಿಯ ಯಜಮಾನರು ಬಗ್ಗಿ ಆ ನೀರನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದರು. ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ ಸಣ್ಣದೊಂದು ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡರು. ಆ ಕ್ಷಣದವರೆಗೆ ನಾನು ಇದನ್ನು ಮೂರ್ನಾಲ್ಕು ದಿನದ ಕೆಲಸ ಎಂದುಕೊಂಡಿದ್ದೆ.

ಅದು ನವೆಂಬರಿನ ನಡುಭಾಗ. ಕುವೈತಿನಲ್ಲಿ ಫಹಾಹೀಲ್ ದಾಟಿ ದಕ್ಷಿಣಕ್ಕೆ ಹೋಗುವ ಕರಾವಳಿ ರಸ್ತೆಯ ಮಗ್ಗುಲಲ್ಲಿ ನಮ್ಮ ದೋಣಿ ರಿಪೇರಿ ಯಾರ್ಡು. ನಾನು ಅಲ್ಲಿ ಫೈಬರ್ ಕೆಲಸದವನು. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಎಂಜಿನ್ ಬೋಟುಗಳು, ಮೀನು ಹಿಡಿಯಲು ಹೋಗಿ ಬಂಡೆಗೆ ಬಡಿದು ಬಿರುಕು ಬಿಟ್ಟವು. ಈ ದಂಪತಿಯದು ಮಾತ್ರ ಹಾಯಿದೋಣಿ. ಮೂವತ್ತೆರಡು ಅಡಿ ಉದ್ದ, ನನ್ನ ವಯಸ್ಸಿಗಿಂತ ಹಳೆಯದು. ಯಜಮಾನರು ಎಣ್ಣೆ ಕಂಪನಿಯೊಂದರ ಗುತ್ತಿಗೆದಾರರ ಬಳಿ ಎಂಜಿನಿಯರ್, ಧಾರವಾಡದವರು. ಹೆಂಡತಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಎಗೈಲಾದ ಫ್ಲ್ಯಾಟಿನಲ್ಲಿ ವಾಸ. ನಾನು ಬಾಗಲಕೋಟೆ ಕಡೆಯವನು ಎಂದು ತಿಳಿದದ್ದೇ ಹಿಂದಿ, ಇಂಗ್ಲಿಷ್ ಎಲ್ಲ ಬದಿಗಿಟ್ಟರು. ನಾನು ಯಜಮಾನರನ್ನು ಸಾಹೇಬರ ಎನ್ನುತ್ತಿದ್ದೆ, ಹೆಂಡತಿಯನ್ನು ಅಕ್ಕಾರ ಎನ್ನುತ್ತಿದ್ದೆ.

ಅವರ ಲೆಕ್ಕಾಚಾರ ಸರಳವಾಗಿತ್ತು. ಡಿಸೆಂಬರ್ ಕೊನೆಗೆ ಸಾಹೇಬರ ಕೆಲಸ ಮುಗಿಯುತ್ತದೆ, ಅದರೊಂದಿಗೆ ಇಬ್ಬರ ಇಕಾಮಾವೂ, ಅಂದರೆ ಇಲ್ಲಿ ವಾಸಿಸುವ ಪರವಾನಗಿಯೂ. ಅಷ್ಟರೊಳಗೆ ದೋಣಿಯನ್ನು ಸಜ್ಜು ಮಾಡಿ, ಬಂದರಿನಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು, ನೀರ ಮೇಲೇ ಊರಿಗೆ ಹೋಗುವುದು. ಬಹರೇನ್, ದುಬೈ, ಮಸ್ಕತ್, ಆಮೇಲೆ ಕಾರವಾರ. ಆ ದಿನದೊಳಗೆ ಹೊರಡಲಾಗದಿದ್ದರೆ ದೋಣಿಯನ್ನು ಸಿಕ್ಕಿದವರಿಗೆ ಕೊಟ್ಟು ವಿಮಾನ ಹತ್ತಬೇಕು. ಇಕಾಮಾ ಇಲ್ಲದವರ ದೋಣಿಯನ್ನು ಇಟ್ಟುಕೊಳ್ಳುವವರು ಯಾರೂ ಇಲ್ಲ.

"ಬರೂಮುಂದ ಕಿಟಕಿ ಸೀಟಿನಾಗ ಕುಂತು ಈ ಸಮುದ್ರ ನೋಡಿದ್ದೆ. ಹೋಗೂಮುಂದ ಮುಟ್ಟಿ ಹೋಗಬೇಕಂತ ಐತಿ ನನಗ," ಎಂದಿದ್ದರು ಅಕ್ಕಾರು. ಸಾಹೇಬರಿಗಿಂತ ಹಟ ಅವರದೇ ಹೆಚ್ಚು ಎಂದು ನನಗೆ ಆಮೇಲೆ ಗೊತ್ತಾಯಿತು. ಪ್ರತಿ ಶುಕ್ರವಾರ ಕುಬ್ಬರ್ ದ್ವೀಪದವರೆಗೆ ಹೋಗಿ ಬಂದು ಅಭ್ಯಾಸ ಮಾಡಿದ್ದರು. ಒಂದು ವರ್ಷ ವಾಂತಿ ಮಾಡಿಕೊಂಡೇ ಕಲಿತರಂತೆ.

ನೀರು ಸೋರಿದ್ದು ಚುಕ್ಕಾಣಿಯಿಂದ. ದೋಣಿಯ ಹಿಂತುದಿಯಲ್ಲಿ, ನೀರೊಳಗೆ ಮುಳುಗಿದ್ದು ದಿಕ್ಕು ತಿರುಗಿಸುವ ಹಲಗೆ ಅದು. ಹೊರಗೆ ಫೈಬರಿನ ಎರಡು ಚಿಪ್ಪು, ಒಳಗೆ ಗಟ್ಟಿ ಫೋಮು, ನಡುವೆ ಉಕ್ಕಿನ ಕಂಬ. ಕಂಬಕ್ಕೆ ಬೆಸೆದ ಪಟ್ಟಿಗಳು ಹಲಗೆಯನ್ನು ಹಿಡಿದಿರುತ್ತವೆ. ಒಳಗೆ ನೀರು ಸೇರಿದರೆ ಪಟ್ಟಿಗಳನ್ನು ತುಕ್ಕು ತಿನ್ನುತ್ತದೆ, ಒಂದು ದಿನ ನಡುಸಮುದ್ರದಲ್ಲಿ ಕಂಬ ತಿರುಗುತ್ತದೆ, ಹಲಗೆ ತಿರುಗುವುದಿಲ್ಲ. ದೋಣಿ ಹೇಳಿದ ಮಾತು ಕೇಳುವುದಿಲ್ಲ.

ಚುಕ್ಕಾಣಿಯನ್ನು ಕಳಚಬೇಕೆಂದರೆ ಅದರ ಕಂಬ ಕೆಳಗಿಳಿಯಲು ಜಾಗ ಬೇಕು. ಸೊಂಟದಾಳ ಗುಂಡಿ ತೋಡಿದೆವು. ಯಾರ್ಡಿನ ಮೇಲ್ಪದರ ಒಣ ಮರಳು, ಎರಡಡಿ ಕೆಳಗೆ ಕಲ್ಲಿನಂಥ ಉಪ್ಪು ಮಣ್ಣು. ಕೆಳಗಿಳಿಸಿ, ನಾವು ಕುದುರೆ ಎನ್ನುವ ಎರಡು ಮರದ ಸ್ಟ್ಯಾಂಡುಗಳ ಮೇಲೆ ಮಲಗಿಸಿ, ಒಂದು ಕಡೆಯ ಚಿಪ್ಪನ್ನು ಗ್ರೈಂಡರಿನಿಂದ ಕೊಯ್ದೆ. ಫೋಮನ್ನು ಹಿಂಡಿದರೆ ನೀರು ಬರುತ್ತಿತ್ತು. ಮೂರು ಪಟ್ಟಿಗಳಲ್ಲಿ ಒಂದು ಕೈಯಲ್ಲೇ ಕಿತ್ತು ಬಂತು. ಹೊಸ ಪಟ್ಟಿ ಬೆಸೆಯಿಸಿದೆವು, ಹದಿನೈದು ದಿನ ಒಣಗಿಸಿದೆವು, ಹೊಸ ಫೋಮು ತುಂಬಿದೆವು. ಅಕ್ಕಾರು ಒಂದನ್ನೂ ಬಿಡದೆ ಬರೆದುಕೊಳ್ಳುತ್ತಿದ್ದರು. ಸಮುದ್ರದ ನಡುವೆ ಏನಾದರೂ ಒಡೆದರೆ ತಾವೇ ಮಾಡಿಕೊಳ್ಳಬೇಕಲ್ಲ ಎಂದು.

ಫೈಬರ್ ಪದರ ಕೂರಿಸುವ ದಿನ ಬಂತು. ಅದು ಆ ವರ್ಷದ ಮೊದಲ ಚಳಿಯ ದಿನ.

ಇಲ್ಲಿ ನನ್ನ ಕೈಯ ಬಗ್ಗೆ ಹೇಳಬೇಕು. ರೆಸಿನ್ ಎನ್ನುವುದು ಜೇನಿನಂಥ ದ್ರವ. ಅದಕ್ಕೆ ಹಾರ್ಡನರ್ ಬೆರೆಸಿದರೆ ಒಳಗೇ ಬಿಸಿಯಾಗಿ ಕಲ್ಲಾಗುತ್ತದೆ. ಎಷ್ಟು ಬೆರೆಸಬೇಕು ಎನ್ನುವುದು ಹವೆಗೆ ತಕ್ಕಂತೆ. ಕುವೈತಿನ ಬೇಸಿಗೆಯಲ್ಲಿ ಹೆಚ್ಚಾದರೆ ಬ್ರಷ್ ಎತ್ತುವಷ್ಟರಲ್ಲಿ ಡಬ್ಬಿಯಲ್ಲೇ ಗಟ್ಟಿಯಾಗಿ ಹೊಗೆ ಬರುತ್ತದೆ. ಹಾಗಾಗಿ ನಮ್ಮ ಯಾರ್ಡಿನಲ್ಲಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಒಂದು ಡಬ್ಬಿಗೆ ಅರ್ಧ ಮುಚ್ಚಳ. ಚಳಿಗಾಲಕ್ಕೆ ಒಂದೂವರೆ. ಅಳತೆಯ ಲೋಟ ಯಾರ್ಡಿನಲ್ಲಿದೆ, ಮೂಲೆಯಲ್ಲಿ ಧೂಳು ತಿನ್ನುತ್ತಿದೆ. ಅದನ್ನು ಮುಟ್ಟುವವನು ಹೊಸಬ ಎಂದು ನಾವು ನಗುತ್ತಿದ್ದೆವು. ಮುಚ್ಚಳ ನೋಡದೆಯೇ ಸುರಿಯುವುದು ನನ್ನ ಹೆಮ್ಮೆ.

ಆ ದಿನ ಬಡಗಣ ಗಾಳಿ ಬೀಸುತ್ತಿತ್ತು. ನಾನು ಸ್ವೆಟರ್ ಹಾಕಿಕೊಂಡಿದ್ದೆ. ಶೆಡ್ಡಿನಲ್ಲಿ ಬೇರೊಂದು ದೊಡ್ಡ ಬೋಟು ಇದ್ದುದರಿಂದ ಹೊರಗೇ ಕೆಲಸ. ನಾಲ್ಕು ಡಬ್ಬಿ ರೆಸಿನ್ ಕಲೆಸಿದೆ, ನಾಲ್ಕು ಪದರ ಹಚ್ಚಿದೆ. ಮರುದಿನ ಬಿಸಿಲು ಬಂತು. ಮೇಲಿನ ಕೊನೆಯ ಪದರ ಹಚ್ಚಿದೆ, ಅದು ಚೆನ್ನಾಗಿ ಗಟ್ಟಿಯಾಯಿತು. ಉಗುರಿನಿಂದ ಒತ್ತಿ ನೋಡಿದೆ, ಗುರುತು ಬೀಳಲಿಲ್ಲ. ಪುಟ್ಟಿ ಮೆತ್ತಿ ಉಜ್ಜಿ ನಯ ಮಾಡಿ, ಬಣ್ಣ ಹೊಡೆದು, ಚುಕ್ಕಾಣಿಯನ್ನು ಮತ್ತೆ ಜಾಗಕ್ಕೇರಿಸಿ ಗುಂಡಿ ಮುಚ್ಚಿಬಿಟ್ಟೆವು. ಸಾಹೇಬರು ಹೊಸ ಬಣ್ಣದ ಮೇಲೆ ಅಂಗೈ ಸವರಿ, "ಕೆಲಸ ಅಂದ್ರ ಇದು ನೋಡ್ರಿ," ಎಂದರು. ಎರಡು ದಿನಕ್ಕೆ ಕ್ರೇನ್ ಗೊತ್ತಾಗಿತ್ತು. ಇಕಾಮಾ ಮುಗಿಯಲು ಒಂಬತ್ತು ದಿನ.

ಅಂದು ಮಧ್ಯಾಹ್ನ ಅಕ್ಕಾರು ನೋಟ್‌ಬುಕ್ ಹಿಡಿದು ಬಂದರು. ಜೊತೆಗೆ ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ.

"ಒಮ್ಮೆ ಓದತೀನಿ, ತಪ್ಪಿದ್ರ ಹೇಳ್ರಿ. ರೆಸಿನ್ ಒಂದು ಡಬ್ಬಿ. ಹಾರ್ಡನರ್ ಅರ್ಧ ಮುಚ್ಚಳ. ನಿಧಾನಕ್ಕ ಎರಡು ನಿಮಿಷ ಕಲಸೂದು."

"ಅರ್ಧ ಅಲ್ರಿ ಅಕ್ಕಾರ," ಎಂದೆ ರೊಟ್ಟಿ ಮುರಿಯುತ್ತಾ. "ಅದು ಬ್ಯಾಸಗಿಗೆ. ಈ ಥಂಡ್ಯಾಗ ಒಂದೂವರಿ ಮುಚ್ಚಳ ಬೇಕು. ಇಲ್ಲಂದ್ರ ಒಳಗ ಹಸೀನ ಉಳಿತೈತಿ."

ಅವರು ಪುಟ ತಿರುವಿ ನೋಡಿದರು. "ಆವತ್ತು ನೀವು ಅರ್ಧಾನ ಹಾಕಿದ್ರಲ್ರೀ. ನಾಲ್ಕೂ ಡಬ್ಬಿಗೆ. ನಾ ಬಾಜೂಕ ನಿಂತು ಬರದೀನಿ."

ರೊಟ್ಟಿ ಕೆಳಗಿಟ್ಟು ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿಕೊಂಡೆ. ಅವರ ಬರಹ ದುಂಡಗಿತ್ತು, ಶಾಲೆಯ ಹಲಗೆಯ ಮೇಲೆ ಬರೆಯುವ ಹಾಗೆ. ಅರ್ಧ, ಅರ್ಧ, ಅರ್ಧ, ಅರ್ಧ. ನನಗೆ ನೆನಪೇ ಇರಲಿಲ್ಲ. ಎಂಟು ತಿಂಗಳು ಅರ್ಧ ಸುರಿದ ಕೈ ಆ ದಿನವೂ ಅರ್ಧವನ್ನೇ ಸುರಿದಿತ್ತು. ಮೈಗೆ ಸ್ವೆಟರ್ ಹಾಕಿದವನಿಗೆ ಕೈಗೆ ಹೇಳುವುದು ಮರೆತುಹೋಗಿತ್ತು.

"ಆವತ್ತು ಬಿಸಲಿತ್ತಲ್ರೀ," ಎಂದುಬಿಟ್ಟೆ. "ಬಿಸಲಿದ್ರ ಅರ್ಧ ನಡಿತೈತಿ."

"ಹಂಗನ್ರಿ," ಎಂದು ಅವರು ಪೆನ್ನು ತೆಗೆದು ಬರೆದುಕೊಂಡರು. ಬಿಸಿಲಿದ್ದರೆ ಅರ್ಧ ನಡೆಯುತ್ತದೆ. ಅದರ ಕೆಳಗೆ ಗೆರೆ ಎಳೆದರು. ನನ್ನ ಸುಳ್ಳಿಗೆ ಗೆರೆ.

ಅವರು ಹೋದ ಮೇಲೆ ಕೆಲಸಕ್ಕೆ ಕೈ ಹೋಗಲಿಲ್ಲ. ಮೇಲೆ ಗಟ್ಟಿ ಇದೆಯಲ್ಲ, ಒಳಗೂ ಆಗಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಚಹಾ ಕುಡಿದೆ. ಮತ್ತೆ ಹೇಳಿಕೊಂಡೆ. ಕಡೆಗೆ ಸಣ್ಣ ಮೊನೆಯ ಡ್ರಿಲ್ ತೆಗೆದುಕೊಂಡು ದೋಣಿಯಡಿ ನುಸುಳಿ ಚುಕ್ಕಾಣಿಯ ಬುಡದಲ್ಲಿ ಒಂದು ತೂತು ಕೊರೆದೆ. ಚೆನ್ನಾಗಿ ಕಲ್ಲಾದ ಫೈಬರ್ ಕೊರೆದರೆ ಬಿಳಿ ಪುಡಿ ಉದುರುತ್ತದೆ, ಒಣ ಹಿಟ್ಟಿನಂತೆ. ಮೊದಲು ಅದೇ ಬಂತು. ಮೊನೆ ಒಂದು ಕೂದಲೆಳೆ ಒಳಹೋದದ್ದೇ ಪುಡಿ ನಿಂತಿತು. ಡ್ರಿಲ್ ಎಳೆದು ನೋಡಿದರೆ ಮೊನೆಗೆ ಬೆಲ್ಲದ ಪಾಕದಂತೆ ಅಂಟು ಸುತ್ತಿಕೊಂಡಿತ್ತು. ರೆಸಿನ್ನಿನ ಹಸಿ ವಾಸನೆ ಮೂಗಿಗೆ ಹೊಡೆಯಿತು. ಇನ್ನೊಂದು ತೂತು ಕೊರೆದೆ. ಅದೂ ಅಷ್ಟೇ.

ನಮ್ಮಲ್ಲಿ ಹಾಯಿ, ಹೊದಿಕೆ ಹೊಲಿಯುವವರು ಉಳ್ಳಾಲದ ಒಬ್ಬ ಬ್ಯಾರಿ ಹಿರಿಯರು. ಎಲ್ಲರಿಗೂ ಕಾಕ. ಕನ್ನಡದಲ್ಲಿ ಹೊಟ್ಟೆಯೊಳಗಿನ ಮಾತು ಆಡಲು ನನಗೆ ಇದ್ದವರು ಅವರೊಬ್ಬರೇ. ಡ್ರಿಲ್ ಮೊನೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಇದು ಸಮುದ್ರಕ್ಕೆ ಹೋಗುವ ಸಾಮಾನಲ್ಲ ಮಾರಾಯ," ಎಂದರು. "ನೀನೇ ಮಾಡಿದ್ದಾ?"

"ನಾನೇ."

"ಮತ್ತೆ ನನ್ನ ಹತ್ರ ಎಂತ ಕೇಳ್ಲಿಕ್ಕೆ ಉಂಟು? ಅವರ ಹತ್ರ ಹೋಗಿ ಹೇಳು."

ನಾನು ಮೊದಲು ಹೋದದ್ದು ಮ್ಯಾನೇಜರರ ಬಳಿ. ಧೈರ್ಯ ಸಾಲಲಿಲ್ಲ ಎಂದೇ ಇಟ್ಟುಕೊಳ್ಳಿ. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದರು, "ಊಪರ್ ಸೇ ಪಕ್ಕಾ ಹೈ ನಾ?" ಮೇಲೆ ಗಟ್ಟಿಯಿದೆ ಎಂದೆ. "ತೋ ಖಲಾಸ್, ಭಾಯಿ. ಕ್ರೇನ್ ಬುಕ್ ಹೈ. ಯಲ್ಲಾ." ಕ್ರೇನ್ ಹೇಳಿಯಾಗಿದೆ, ಇನ್ನು ಹೊರಡು ಎಂದರ್ಥ; ಅವರ ಪಾಲಿಗೆ ಮಾತು ಮುಗಿಯಿತು. ನಿಜ ಹೇಳಬೇಕೆಂದರೆ ನನಗೂ ಅಲ್ಲಿಗೇ ಮುಗಿಸುವ ಆಸೆ ಆಯಿತು. ಕ್ರೇನ್ ಇಳಿಸಿದ ಮೇಲೆ ಅವರು ಹೋಗುತ್ತಾರೆ. ಏನಾದರೂ ಆದರೆ ಅದು ಎಲ್ಲೋ ಹೊರ್ಮುಜ್ ಜಲಸಂಧಿಯ ಆಚೆ ಆಗುತ್ತದೆ. ಯಾರಿಗೂ ನನ್ನ ಹೆಸರು ಗೊತ್ತಾಗುವುದಿಲ್ಲ.

ಆದರೆ ಆ ಗೆರೆ ಕಣ್ಣಿಗೆ ಕಟ್ಟಿತ್ತು. ಚುಕ್ಕಾಣಿ ಮುರಿದು, ಅಲೆಯ ಮೇಲೆ ಹೊಯ್ದಾಡುತ್ತಾ, ಆ ಹೆಂಗಸು ನೋಟ್‌ಬುಕ್ ತೆಗೆದು ನನ್ನ ಸುಳ್ಳನ್ನೇ ಓದಿಕೊಂಡು ಇನ್ನೊಂದು ಹಸಿ ಪದರ ಹಚ್ಚುವುದು ಕಂಡಂತಾಯಿತು. ಬಸ್ಸು ಹಿಡಿದು ಎಗೈಲಾಕ್ಕೆ ಹೋದೆ.

ಫ್ಲ್ಯಾಟಿನಲ್ಲಿ ಅರ್ಧ ಸಾಮಾನು ಪೆಟ್ಟಿಗೆ ಸೇರಿತ್ತು. ಕೂರಲು ಕುರ್ಚಿ ಇರಲಿಲ್ಲ. ನಿಂತೇ ಹೇಳಿದೆ.

"ಅಕ್ಕಾರ, ಮೊದಲ ನಿಮ್ಮ ನೋಟ್‌ಬುಕ್ಕಿನಾಗಿಂದು ಆ ಸಾಲು ಹೊಡದ ಹಾಕ್ರಿ. ಬಿಸಲಿರಲಿಲ್ಲ ಆವತ್ತು. ನಾ ಸುಳ್ಳ ಹೇಳಿದೆ. ಅರ್ಧ ಹಾಕಿದ್ದು ನನ್ನ ತಪ್ಪು. ಒಳಗ ಹಸಿ ಐತಿ, ಕೊರದ ನೋಡಿ ಬಂದೀನಿ."

ಸಾಹೇಬರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಮುಖ ಕೆಂಪಾಯಿತು.

"ಅಂದ್ರ ಮತ್ತ ತಗೀಬೇಕೇನು? ನಾಳಿಯಿಂದ ಎಂಟು ದಿನ ಉಳದಾವು ನನಗ. ಎಂಟು ದಿನ. ನಾ ನಿಮ್ಮ ಕೈ ಮ್ಯಾಲೆ ಎಲ್ಲಾ ಬಿಟ್ಟಿದ್ದೆ," ಎಂದರು. "ಒಂದು ಮುಚ್ಚಳ ಅಳಿಯಾಕ ಬರೂದಿಲ್ಲೇನ್ರಿ ನಿಮಗ?"

ಕೇಳಬೇಕಾದ ಪ್ರಶ್ನೆಯೇ ಅದು. ಅಕ್ಕಾರು ನೋಟ್‌ಬುಕ್ಕಿನ ಆ ಸಾಲನ್ನು ಹೊಡೆದುಹಾಕಿ, ಹೊಸ ಪುಟ ತೆಗೆದು ಕೇಳಿದರು, "ಎಷ್ಟ ದಿನ ಹಿಡಿತೈತ್ರಿ?"

"ಐದು. ಶುಕ್ರವಾರ ಸೇರಿಸಿ."

"ಹಂಗಂದ್ರ ಮೂರು ದಿನ ಉಳಿತಾವು," ಎಂದು ಗಂಡನ ಕಡೆ ತಿರುಗಿದರು. ಸಾಹೇಬರು ಪೆಟ್ಟಿಗೆಯೊಂದನ್ನು ಕಾಲಿನಿಂದ ಬದಿಗೆ ಸರಿಸಿ ಒಳಗೆ ಹೋದರು.

ಮರುದಿನ ಬೆಳಕು ಹರಿಯುವಷ್ಟರಲ್ಲಿ ಯಾರ್ಡಿಗೆ ಹೋದರೆ ಸಾಹೇಬರು ಆಗಲೇ ಗುಂಡಿಯಲ್ಲಿದ್ದರು. ಮುಚ್ಚಿದ ಗುಂಡಿಯನ್ನು ಒಬ್ಬರೇ ಮತ್ತೆ ತೋಡುತ್ತಿದ್ದರು. ನಾನು ಇನ್ನೊಂದು ಸಲಿಕೆ ಹಿಡಿದು ಇಳಿದೆ. ಇಬ್ಬರ ಭುಜ ತಾಗುವಷ್ಟು ಚಿಕ್ಕ ಜಾಗ, ಆದರೂ ಒಂದು ಮಾತಿಲ್ಲ. ಮ್ಯಾನೇಜರ್ ಬಂದು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. ಕ್ರೇನನ್ನು ಐದು ದಿನ ಮುಂದಕ್ಕೆ ಹಾಕಿಸಿ ಎಂದೆ. ತಪ್ಪು ನನ್ನದು, ಈ ಐದು ದಿನವನ್ನು ನನ್ನ ರಜೆಗೆ ಹಾಕಿಕೊಳ್ಳಿ ಎಂದೆ. ಅವರು ಗೊಣಗುತ್ತಾ ಫೋನ್ ತೆಗೆದರು.

ಚುಕ್ಕಾಣಿ ಕೆಳಗಿಳಿಯಿತು. ಗ್ರೈಂಡರ್ ಹಿಡಿದೆ. ಹಸಿ ಫೈಬರನ್ನು ಉಜ್ಜುವುದು ನರಕ. ಅದು ಪುಡಿಯಾಗುವುದಿಲ್ಲ, ಬಿಲ್ಲೆಗೆ ಮೆತ್ತಿಕೊಳ್ಳುತ್ತದೆ. ಹನ್ನೊಂದು ಬಿಲ್ಲೆ ಹಾಳಾದ ಮೇಲೆ ಗ್ರೈಂಡರ್ ಬಿಟ್ಟು ಉಳಿಯಿಂದ ಚರ್ಮ ಸುಲಿದ ಹಾಗೆ ಸುಲಿದೆ. ನಾಲ್ಕು ಪದರವೂ ಹಾಳೆ ಹಾಳೆಯಾಗಿ ಎದ್ದು ಬಂದವು. ಸಮುದ್ರವೂ ಹೀಗೆಯೇ ಎಬ್ಬಿಸುತ್ತಿತ್ತು, ಸ್ವಲ್ಪ ನಿಧಾನವಾಗಿ. ಒಂದು ಹಾಳೆಯನ್ನು ಸಾಹೇಬರು ಎತ್ತಿ ಬಾಗಿಸಿ ನೋಡಿ, ಕೆಳಗಿಟ್ಟರು. ಸಂಜೆಯ ಹೊತ್ತಿಗೆ ನನ್ನ ಬೆರಳುಗಳು ಮುಷ್ಟಿ ಬಿಚ್ಚುತ್ತಿರಲಿಲ್ಲ.

ಮರುದಿನ ಇನ್ನೊಂದು ತೊಡಕು ಕಾದಿತ್ತು. ಹವೆ ಇನ್ನೂ ತಣ್ಣಗಾಗಿತ್ತು, ಜೊತೆಗೆ ಜಿನುಗು ಮಳೆ. ಒಂದೂವರೆ ಮುಚ್ಚಳ ಹಾಕಿದರೂ ಈ ಹವೆಯಲ್ಲಿ ನಂಬುವಂತಿರಲಿಲ್ಲ. ಕಾಕ ಎರಡು ದಪ್ಪ ತಾಡಪಾಲುಗಳನ್ನು ಹೊಲಿದು ಕುದುರೆಗಳ ಸುತ್ತ ಗುಡಾರ ಕಟ್ಟಿದರು. ಅಕ್ಕಾರು ಫ್ಲ್ಯಾಟಿನಿಂದ ಎರಡು ರೂಮ್ ಹೀಟರ್ ತಂದರು. ಚಾಲು ಮಾಡಿದ ಹತ್ತೇ ನಿಮಿಷಕ್ಕೆ ಇಡೀ ಯಾರ್ಡಿನ ಕರೆಂಟು ಹೋಯಿತು. ವೆಲ್ಡಿಂಗ್, ಕಂಪ್ರೆಸರ್, ಹೀಟರ್ ಎಲ್ಲಕ್ಕೂ ಒಂದೇ ಲೈನು. ನಾಲ್ಕು ಕಡೆಯಿಂದ ನಾಲ್ಕು ಭಾಷೆಯ ಬೈಗುಳ ಕೇಳಿಸಿತು. ಆ ದಿನ ಒಣಗಿಸುವುದು, ಒರೆಸುವುದು ಇಷ್ಟೇ ಆಯಿತು. ಇಕಾಮಾಕ್ಕೆ ಆರು ದಿನ.

ಮರುದಿನ ಶುಕ್ರವಾರ, ಯಾರ್ಡಿಗೆ ರಜೆ. ಲೈನು ಪೂರ್ತಿ ನಮ್ಮದು. ಮೊದಲು ಅಸಿಟೋನಿನಿಂದ ಒರೆಸಿ, ಗುಡಾರದ ಎರಡೂ ಬಾಯಿ ತೆರೆದು ಗಾಳಿ ಆಡಲು ಬಿಟ್ಟೆ. ಅಸಿಟೋನಿನ ಆವಿ ಇರುವಾಗ ಹೀಟರ್ ಹಚ್ಚಿದರೆ ದೋಣಿಯೂ ಉಳಿಯುವುದಿಲ್ಲ, ನಾವೂ ಉಳಿಯುವುದಿಲ್ಲ. ಗಂಟೆ ಕಳೆದ ಮೇಲೆ ಹೀಟರ್ ಹಚ್ಚಿ ಬೆಚ್ಚಗೆ ಮಾಡಿದೆ. ಆಮೇಲೆ ಅದನ್ನು ಹೊರಗಿಟ್ಟು, ಮೂಲೆಯಲ್ಲಿದ್ದ ಅಳತೆಯ ಲೋಟವನ್ನು ತೊಳೆದು ತಂದೆ. ಒಂಬತ್ತು ವರ್ಷದಲ್ಲಿ ಅದನ್ನು ಮುಟ್ಟಿದ್ದು ಅದೇ ಮೊದಲು.

ಸಾಹೇಬರು ಎದುರು ಬಂದು ಕುಕ್ಕರಗಾಲಲ್ಲಿ ಕೂತರು. ನಾನು ಸುರಿದೆ. ಅವರು ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಗೆರೆ ನೋಡಿದರು. "ಹಾಕ್ರಿ," ಎಂದರು. ಎರಡು ದಿನದಲ್ಲಿ ನನ್ನೊಡನೆ ಆಡಿದ ಮೊದಲ ಮಾತು. ಪ್ರತಿ ಡಬ್ಬಿಗೂ ಹೀಗೆಯೇ. ನನಗೆ ಅವಮಾನವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಆ ಅವಮಾನ ನನಗೆ ಸಲ್ಲಬೇಕಾದದ್ದೇ ಆಗಿತ್ತು. ಪದರದ ಮೇಲೆ ಪದರ ಕೂರಿಸುತ್ತಾ, ರೋಲರಿನಿಂದ ಗಾಳಿಗುಳ್ಳೆ ಒತ್ತಿ ತೆಗೆಯುತ್ತಾ ಹೋದೆ. ಅಂಗೈ ಇಟ್ಟರೆ ಹಲಗೆ ಒಳಗಿನಿಂದ ಬಿಸಿಯಾಗುತ್ತಿತ್ತು. ಆ ಬಿಸಿ ತಿಳಿದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ ಅಕ್ಕಾರ ಕೈಯನ್ನೂ ಎಳೆದು ಅದರ ಮೇಲೆ ಇಡಿಸಿದೆ. "ಜ್ವರ ಬಂದಂಗ ಐತಲ್ರೀ," ಎಂದು ಅವರು ನಕ್ಕರು.

ಶನಿವಾರ ನಾನೇ ಡ್ರಿಲ್ ತಂದೆ. ಹೊಸ ಕೆಲಸಕ್ಕೆ ತೂತು ಯಾಕೆ ಎಂದರು ಕಾಕ. ಬುಡದಲ್ಲಿ ಒಂದು, ನೆತ್ತಿಯಲ್ಲಿ ಒಂದು, ನಡುವೆ ಒಂದು ಕೊರೆದೆ. ಮೂರರಿಂದಲೂ ಒಣ ಬಿಳಿ ಪುಡಿ, ಕೊನೆಯವರೆಗೂ. ಸಾಹೇಬರು ಅದನ್ನು ಬೆರಳ ನಡುವೆ ತಿಕ್ಕಿ ನೋಡಿ, ಊದಿ ಹಾರಿಸಿದರು. ತೂತು ಮುಚ್ಚಿ, ನಯ ಮಾಡಿ, ಬಣ್ಣ ಹೊಡೆದು, ಜಾಗಕ್ಕೇರಿಸುವಷ್ಟರಲ್ಲಿ ಇನ್ನೆರಡು ದಿನ ಕಳೆಯಿತು. ಕ್ರೇನ್ ಬಂದಾಗ ಇಕಾಮಾದಲ್ಲಿ ಎರಡು ದಿನ ಉಳಿದಿತ್ತು.

ದೋಣಿ ನೀರಿಗಿಳಿದ ಮೇಲೆ ನಾನು ಒಂದು ಮಾತು ಕೇಳಿದೆ. ಬಂದರಿಗೆ ಹೋಗುವ ಮುಂಚೆ ಅಲೆತಡೆಯ ಒಳಗೇ ಒಮ್ಮೆ ಪೂರ್ತಿ ವೇಗದಲ್ಲಿ ಓಡಿಸಿ, ಚುಕ್ಕಾಣಿಯನ್ನು ಈ ತುದಿಯಿಂದ ಆ ತುದಿಗೆ ಎಳೆದು ನೋಡೋಣ, ನಾನೂ ಬರುತ್ತೇನೆ. ಮುರಿಯುವುದಾದರೆ ನಾನು ದೋಣಿಯಲ್ಲಿ ಇರುವಾಗಲೇ ಮುರಿಯಲಿ ಎಂದೆ. ನನಗೆ ಈಜು ಬರುವುದಿಲ್ಲ ಎಂಬುದನ್ನು ಹೇಳಲಿಲ್ಲ.

ಎಂಜಿನ್ ಪೂರ್ತಿ ಏರಿಸಿದರು. ಸಾಹೇಬರು ಚುಕ್ಕಾಣಿಯ ಹಿಡಿಯನ್ನು ನನ್ನ ಕೈಗೆ ಕೊಟ್ಟರು. "ಎಳೀರಿ." ಎಳೆದೆ. ದೋಣಿ ಓರೆಯಾಗಿ ತಿರುಗಿತು, ಒಳಗೆ ಪಾತ್ರೆ ಉರುಳಿದ ಸದ್ದಾಯಿತು. ನೀರು ಹಲಗೆಯನ್ನು ಒತ್ತುವುದು ತೋಳಿನವರೆಗೆ ತಿಳಿಯಿತು. ಇನ್ನೊಂದು ಕಡೆಗೆ ದೂಡಿದೆ. ಮತ್ತೆ ಎಳೆದೆ. ಎಲ್ಲಿಯೂ ಸಡಿಲವಿಲ್ಲ, ಸದ್ದಿಲ್ಲ. ಆರನೆಯದೋ ಏಳನೆಯದೋ ಸುತ್ತಿಗೆ ಸಾಹೇಬರು ಎದ್ದರು. "ನೀವು ನಡಸ್ತಿರ್ರಿ, ನಾ ಚಹಾಕ್ಕ ಇಡತೀನಿ," ಎಂದು ಬೆನ್ನು ತಿರುಗಿಸಿ ಕೆಳಗಿಳಿದು ಹೋದರು. ವಾರವಿಡೀ ನನ್ನ ಕೈಯಿಂದ ಕಣ್ಣು ತೆಗೆಯದಿದ್ದ ಮನುಷ್ಯ. ನನಗೆ ಅಳು ಬಂತು. ಗಾಳಿ ಇತ್ತು, ಯಾರಿಗೂ ಗೊತ್ತಾಗಲಿಲ್ಲ.

ಮರುದಿನ ಅವರು ಮುದ್ರೆ ಒತ್ತಿಸಿಕೊಂಡು ಹೊರಟರು. ನಾನು ಆ ಹೊತ್ತಿಗೆ ಬೇರೆ ಬೋಟಿನ ಹೊಟ್ಟೆಯಡಿ ಮಲಗಿ ಉಜ್ಜುತ್ತಿದ್ದೆ.

ಮೂರೂವರೆ ವಾರದ ಮೇಲೆ ಮಧ್ಯಾಹ್ನ ಫೋನ್ ಬಂತು. ಮಸ್ಕತ್‌ನಿಂದ ಅಕ್ಕಾರು. ಹೊರ್ಮುಜ್ ಹತ್ತಿರ ಎರಡು ದಿನ ಗಾಳಿ ಕೆಟ್ಟದಾಗಿ ಹೊಡೆಯಿತಂತೆ. ಮುಂದಿನ ಹಾಯಿ ಹರಿಯಿತಂತೆ, ಕಾಕ ಕಲಿಸಿದ ಹಾಗೆ ಹೊಲಿದರಂತೆ. ನೀರಿನ ಪಂಪು ಕೆಟ್ಟಿತ್ತು, ಸಾಹೇಬರ ಹೆಬ್ಬೆರಳು ಹಗ್ಗಕ್ಕೆ ಸಿಕ್ಕಿ ಉಗುರು ಹೋಯಿತು, ಅವಲಕ್ಕಿಗೆ ಉಪ್ಪುನೀರು ಬಿದ್ದು ಎರಡು ಡಬ್ಬಿ ಚೆಲ್ಲಬೇಕಾಯಿತು. ಒಂದೊಂದನ್ನೇ ಹೇಳುತ್ತಿದ್ದರು. ನಾನು ಹೂಂ ಹೂಂ ಎನ್ನುತ್ತಾ ಕಾಯುತ್ತಿದ್ದೆ. ಅವರು ಆ ಮಾತಿಗೆ ಬರಲೇ ಇಲ್ಲ. ಕಡೆಗೆ ನಾನೇ ಕೇಳಿದೆ.

"ಅಕ್ಕಾರ, ಚುಕ್ಕಾಣಿ?"

ಅತ್ತ ಕಡೆ ನೋಟ್‌ಬುಕ್ಕಿನ ಪುಟ ತಿರುವಿದ ಸದ್ದು. ಏನನ್ನೋ ಹುಡುಕಿಕೊಳ್ಳುವ ಹಾಗೆ.

"ಅಯ್ಯ," ಎಂದರು, "ಅದರ ನೆನಪ ಆಗಲಿಲ್ಲ ನೋಡ್ರಿ ನಮಗ."